ಎರಡು ದಿನದ ಶಿಬಿರ ಮತ್ತು ಬಾಯಿ ತೆರೆಯದ ಮಕ್ಕಳು

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು, ಊರಿನ ಶಾಲೆಯಲ್ಲಿ ಜಾಣನೆನಿಸಿಕೊಂಡ ಹುಡುಗ ಪ್ಲಸ್ ವನ್ ಸೇರಿ ಮೂರು ತಿಂಗಳಾದರೂ ತರಗತಿಯಲ್ಲಿ ಬಾಯಿ ತೆರೆಯುವುದಿಲ್ಲ. ಮನೆಯಲ್ಲಿ ಕೇಳಿದರೆ "ಎಂತ ಇಲ್ಲ" ಎನ್ನುತ್ತಾನೆ. ಮಗನಿಗೆ ಧೈರ್ಯ ಸಾಲದು ಎಂದು ಹೆತ್ತವರು ತೀರ್ಮಾನಿಸುತ್ತಾರೆ. ಎಲ್ಲಿಯಾದರೂ ವ್ಯಕ್ತಿತ್ವ ವಿಕಸನ ಶಿಬಿರ ಉಂಟೇ ಎಂದು ವಿಚಾರಿಸತೊಡಗುತ್ತಾರೆ. ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗಿನ ಕನ್ನಡ ಮನೆಗಳಿಗೆ ಇದು ಹೊಸ ಸಂಗತಿಯಲ್ಲ.

ಶಿಬಿರಗಳ ಕ್ರಮವೂ ನಮಗೆ ಗೊತ್ತಿದ್ದದ್ದೇ. ಶನಿವಾರ ಬೆಳಿಗ್ಗೆ ಹೆಸರು ನೋಂದಣಿ, ಸಜ್ಜಿಗೆ-ಅವಲಕ್ಕಿ, ಉದ್ಘಾಟನೆ. ಬಳಿಕ ಗಣ್ಯರೊಬ್ಬರಿಂದ 'ಧೈರ್ಯವಾಗಿ ಮಾತನಾಡುವುದು ಹೇಗೆ' ಎಂಬ ವಿಷಯದಲ್ಲಿ ಒಂದೂವರೆ ಗಂಟೆಯ ಉಪನ್ಯಾಸ. ಅಷ್ಟು ಹೊತ್ತೂ ಮಾತನಾಡುವವರು ಗಣ್ಯರು, ಸುಮ್ಮನೆ ಕುಳಿತಿರುವವರು ಮಕ್ಕಳು! ರಾತ್ರಿ ಶಿಬಿರಾಗ್ನಿ, ಆದಿತ್ಯವಾರ ಸಂಜೆ ಪ್ರಮಾಣಪತ್ರ. ಇದರಿಂದ ಏನೂ ಪ್ರಯೋಜನವಿಲ್ಲವೆಂದು ಹೇಳುವಂತಿಲ್ಲ. ಒಂದು ರಾತ್ರಿ ಮನೆ ಬಿಟ್ಟು ಇತರ ಮಕ್ಕಳೊಡನೆ ಚಾಪೆ ಹಾಸಿ ಮಲಗುವುದು, ತಾನುಂಡ ಬಟ್ಟಲನ್ನು ತಾನೇ ತೊಳೆಯುವುದು, ಇವೂ ಕಲಿಕೆಯೇ. ಆದರೆ ಸೋಮವಾರ ಆ ಹುಡುಗ ಮತ್ತೆ ಅದೇ ಬೆಂಚಿನಲ್ಲಿ ಮೌನವಾಗಿ ಕುಳಿತಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಏಕೆಂದರೆ ಅವನ ಮೌನಕ್ಕೆ ಬೇರೆ ಕಾರಣವಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದು ಕಡತದಲ್ಲಿಯೇ ಉಳಿಯಿತು. ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಪಾಠದ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ ನಿಜ, ಆದರೆ ಅದು ಪ್ರಾಥಮಿಕ ಹಂತದ ಮಾತು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗಳಿಗೆ ನೇಮಿಸಿದಾಗಲೆಲ್ಲ ಮಕ್ಕಳೂ ಹೆತ್ತವರೂ ಬೀದಿಗಿಳಿಯಬೇಕಾಗಿ ಬಂದಿದೆ. 2017ರಲ್ಲಿ ಮಲಯಾಳ ಕಡ್ಡಾಯ ಕಲಿಕೆಯ ಕಾನೂನು ಬಂತು. ಪ್ಲಸ್ ವನ್‌ನಲ್ಲಿ ಪುಸ್ತಕ ಇಂಗ್ಲಿಷಿನದು, ವಿವರಣೆ ಮಲಯಾಳದ್ದು. ಹುಡುಗ ಯೋಚಿಸುವುದು ಕನ್ನಡದಲ್ಲಿ, ಅದಕ್ಕೂ ಮೊದಲು ಮನೆಯ ತುಳುವಿನಲ್ಲಿ, ಹವ್ಯಕದಲ್ಲಿ, ಕೊಂಕಣಿಯಲ್ಲಿ. ತಪ್ಪು ಉಚ್ಚಾರಕ್ಕೆ ಒಮ್ಮೆ ಹಿಂದಿನ ಬೆಂಚಿನಿಂದ ನಗು ಕೇಳಿಸಿದರೆ ಸಾಕು, ವರ್ಷವಿಡೀ ಬಾಯಿ ಮುಚ್ಚಿತು. ನಾಲ್ಕು ಭಾಷೆ ಬಲ್ಲ ಮಗುವನ್ನು ಅಳುಕು ಸ್ವಭಾವದವನೆಂದು ಕರೆಯುವುದು ಎಷ್ಟು ಸರಿ?

ಹಕ್ಕಿನ ಹೋರಾಟ ಬೇಡವೆಂದು ಇಲ್ಲಿ ಹೇಳುತ್ತಿಲ್ಲ. ಅದು ಹಿರಿಯರ ಕೆಲಸ, ನಡೆಯಲೇಬೇಕು. ಆದರೆ ಅದು ಮುಗಿಯುವವರೆಗೆ ಮಗು ಕಾಯಲಾರದು. ಮಲಯಾಳವನ್ನು ಚೆನ್ನಾಗಿ ಕಲಿತ ಮಾತ್ರಕ್ಕೆ ಮಕ್ಕಳ ಕನ್ನಡ ಕೆಡುತ್ತದೆಂಬ ಭಯವನ್ನೂ ನಮ್ಮಲ್ಲಿ ಕೆಲವರು ಬಿಡಬೇಕಾಗಿದೆ.

ಇರುವ ಸೌಕರ್ಯಗಳನ್ನಾದರೂ ನಾವು ಪೂರ್ತಿ ಬಳಸುತ್ತಿದ್ದೇವೆಯೇ? ಗಾಂಧಿ ಶತಾಬ್ದಿಯ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ ಇಂದು ಹೈಯರ್ ಸೆಕೆಂಡರಿ ಶಾಲೆಗಳಲ್ಲೂ ಇದೆ. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ಜೊತೆಗೆ 7 ದಿನಗಳ ಸಹವಾಸ ಶಿಬಿರ. ಕೇರಳದಲ್ಲಿಯೇ 2010ರಲ್ಲಿ ಹುಟ್ಟಿದ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆಯನ್ನು 2018ರಲ್ಲಿ ದೇಶಕ್ಕೇ ವಿಸ್ತರಿಸಲಾಯಿತು. ಇಂತಹವುಗಳಿಗೆ ಹೆಸರು ಕೊಡುವಾಗ "ನಮ್ಮವಳಿಗೆ ಅದೆಲ್ಲ ಆಗಲಿಕ್ಕಿಲ್ಲ" ಎಂದು ಮೊದಲು ಹಿಂದೆಗೆಯುವವರು ಎಷ್ಟೋ ಸಲ ಹೆತ್ತವರೇ. ಹೆಣ್ಣುಮಕ್ಕಳ ವಿಷಯದಲ್ಲಂತೂ ಹೇಳುವುದೇ ಬೇಡ.

ಇನ್ನೊಂದು ಸಾಧನ ನಮ್ಮ ಅಂಗಳದಲ್ಲಿಯೇ ಇದೆ: ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಬರೆದು ಕೊಟ್ಟ ಮಾತೂ ಇಲ್ಲ. ಭಾಗವತರು ಪದ್ಯ ಹೇಳಿದೊಡನೆ ಅರ್ಥಧಾರಿ ಆ ಕ್ಷಣದಲ್ಲಿ ಮಾತು ಕಟ್ಟಬೇಕು. ಎದುರಾಳಿಯ ಪ್ರಶ್ನೆಗೆ ಅಲ್ಲಿಯೇ ಉತ್ತರ ಹುಡುಕಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ಬೆಳೆದ ನಾಡಿನಲ್ಲಿ ಮಾತು ಕಲಿಸಲು ಬೇರೆ ಪಠ್ಯವೇಕೆ? ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣ ಪ್ರಸಂಗಗಳಲ್ಲಿ 'ಅಂಗದ ಸಂಧಾನ' ಒಂದು. ವಯಸ್ಸಿನಲ್ಲಿ ಕಿರಿಯನಾದ ಅಂಗದ ಒಬ್ಬನೇ ರಾವಣನ ಆಸ್ಥಾನಕ್ಕೆ ಹೋಗಿ, ಪರಕೀಯರ ನಡುವೆ ನಿಂತು, ಹೇಳಬೇಕಾದ್ದನ್ನು ಹೇಳಿ ಬರುತ್ತಾನೆ. ಹದಿನೈದು ವರ್ಷದ ಹುಡುಗನಿಗೋ ಹುಡುಗಿಗೋ ಆ ಅರ್ಥ ಕೊಟ್ಟು ನೋಡಿ. ಮೊದಲ ಸಲ ಎರಡು ವಾಕ್ಯದಲ್ಲಿ ನಿಲ್ಲಬಹುದು. ನಿಲ್ಲಲಿ, ಯಾರೂ ನಗಬಾರದು, ಅಷ್ಟೆ.

ಹಾಗಾದರೆ ಶಿಬಿರ ಹೇಗಿರಬೇಕು? ಮೂವತ್ತು ಮಕ್ಕಳಿಗಿಂತ ಹೆಚ್ಚು ಬೇಡ. ಉಪನ್ಯಾಸವಿದ್ದರೂ ಅರ್ಧ ಗಂಟೆಗೆ ಮುಗಿಯಲಿ. ಶನಿವಾರ ಬೆಳಿಗ್ಗೆ ಪ್ರತಿಯೊಬ್ಬರೂ ಮನೆಮಾತಿನಲ್ಲಿ ಐದು ನಿಮಿಷ, ಮನೆಯ ದನದ ಬಗ್ಗೆಯೋ ಅಡಿಕೆ ಕೊಯ್ಲಿನ ಬಗ್ಗೆಯೋ ಮಾತನಾಡಲಿ. ಮಧ್ಯಾಹ್ನ ಅದನ್ನೇ ಕನ್ನಡದಲ್ಲಿ ಹೇಳಲಿ. ರಾತ್ರಿ ತಾಳಮದ್ದಳೆ. ಆದಿತ್ಯವಾರ ಮಲಯಾಳ ಮಾತನಾಡುವ ನೆರೆಶಾಲೆಯ ಹತ್ತು ಮಕ್ಕಳನ್ನು ಕರೆಸಿ, ಅವರೊಡನೆ ಅವರ ಭಾಷೆಯಲ್ಲಿಯೇ ವ್ಯವಹರಿಸಲಿ. ಆ ಮಕ್ಕಳೂ ನಾಲ್ಕು ಕನ್ನಡ ವಾಕ್ಯ ಕಲಿತು ಎಡವಲಿ. ಎಡವುವವರು ಎರಡೂ ಕಡೆ ಇದ್ದಾರೆಂದು ಕಂಡಾಗ ಅರ್ಧ ಹೆದರಿಕೆ ಹೋಗುತ್ತದೆ.

ಇದಕ್ಕೆ ಮಂಗಳೂರಿನಿಂದ ಹಣ ತೆತ್ತು ಯಾರನ್ನೂ ಕರೆಸಬೇಕಾಗಿಲ್ಲ. ರಕ್ಷಕ-ಶಿಕ್ಷಕ ಸಂಘ ಮನಸ್ಸು ಮಾಡಿದರೆ ಓಣಂ ರಜೆಯಲ್ಲಿಯೇ ಆದೀತು. ಶಾಲೆಯ ಕಟ್ಟಡ ಖಾಲಿ ಇರುತ್ತದೆ, ಅಡುಗೆಗೆ ಪಾತ್ರೆಯಿದೆ, ಮದ್ದಳೆ ನುಡಿಸಬಲ್ಲವರು ಊರಿನಲ್ಲಿಯೇ ಇದ್ದಾರೆ.