ಮರುಭೂಮಿಗೆ ಎಷ್ಟು ಲೀಟರಿನ ಎಂಜಿನ್ನು?

ದುಬೈ, ಅಬುಧಾಬಿ, ಮಸ್ಕತ್ತುಗಳಲ್ಲಿ ನೆಲೆಸಿರುವ ನಮ್ಮ ಕರಾವಳಿಯ ಜನ, ಮೊದಲ ಕೆಲವು ವರ್ಷಗಳನ್ನು ಉದ್ಯೋಗ, ಮನೆಬಾಡಿಗೆ, ಮಕ್ಕಳ ಶಾಲೆ ಎಂಬ ಚಿಂತೆಗಳಲ್ಲಿಯೇ ಕಳೆದು, ಕೈಯಲ್ಲಿ ನಾಲ್ಕು ಕಾಸು ಉಳಿಯತೊಡಗಿದ ಮೇಲೆ, ಪಟ್ಟಣದ ಹೊರವಲಯ ದಾಟಿದೊಡನೆಯೇ ತೆರೆತೆರೆಯಾಗಿ ಹಬ್ಬಿ ನಿಂತಿರುವ ಮರಳುಗುಡ್ಡಗಳ ಕಡೆಗೆ ಕಣ್ಣು ಹಾಯಿಸುವುದು ಸ್ವಾಭಾವಿಕವೇ ಸರಿ. ವಾರಾಂತ್ಯ ಬಂತೆಂದರೆ ಹತ್ತಾ ರಸ್ತೆಯ ಬದಿಯ ಅಲ್ ಬದಾಯರಿನಲ್ಲಿ, 'ಬಿಗ್ ರೆಡ್' ಎಂದು ಹೆಸರಾದ ಕೆಂಪು ಗುಡ್ಡದ ಬುಡದಲ್ಲಿ, ಜೀಪು, ಪ್ಯಾಟ್ರೋಲ್, ಲ್ಯಾಂಡ್ ಕ್ರೂಸರುಗಳು ಗುಂಪುಗುಂಪಾಗಿ ನೆರೆಯುತ್ತವೆ. ಅಲ್ಲಿ ಹೊಸಬನು ಹಳಬರನ್ನು ಮೊತ್ತಮೊದಲು ಕೇಳುವ ಪ್ರಶ್ನೆ ಪ್ರಾಯಶಃ ಒಂದೇ: 'ಎಷ್ಟು ಲೀಟರಿನ ಎಂಜಿನ್ ಇರೋ ಗಾಡಿ ತಗೊಂಡ್ರೆ ಒಳ್ಳೇದು?'

ಈ ಪ್ರಶ್ನೆಯನ್ನು ನಿರರ್ಥಕವೆನ್ನಲಾಗದು. ಆದರೆ ವಾಹನವನ್ನು ಆರಿಸುವವನು ಕೇಳಿಕೊಳ್ಳತಕ್ಕ ಪ್ರಶ್ನೆಗಳ ಸಾಲಿನಲ್ಲಿ ಅದರ ಸ್ಥಾನ ಕಡೆಯದೆಂಬುದೂ, ಗಾಡಿಯ ತೂಕ, ಚಕ್ರದ ಗಾಳಿ, ಗೇರಿನ ವ್ಯವಸ್ಥೆ ಎಂಬ ಮೂರನ್ನೂ ನಿಶ್ಚಯಿಸಿಕೊಂಡ ಮೇಲೆ ಎಂಜಿನ್ನಿನ ಗಾತ್ರವು ತಾನಾಗಿಯೇ ನಿಶ್ಚಯವಾಗುವುದೆಂಬುದೂ ಮರಳಿನ ಸ್ವಭಾವವನ್ನು ಪರ್ಯಾಲೋಚಿಸಿದವರಿಗೆ ಬೇಗನೆ ಮನದಟ್ಟಾಗುವ ಸಂಗತಿ.

ಮರಳಿನ ಸ್ವಭಾವ

ಸೌದಿ ಅರೇಬಿಯ, ಒಮಾನ್, ಯೆಮೆನ್, ಸಂಯುಕ್ತ ಅರಬ್ ಎಮಿರೇಟ್ಸ್ ಈ ನಾಲ್ಕು ದೇಶಗಳನ್ನು ವ್ಯಾಪಿಸಿರುವ ರುಬ್ ಅಲ್ ಖಾಲಿ ಮರುಭೂಮಿಯ ವಿಸ್ತೀರ್ಣ ಸುಮಾರು 6.5 ಲಕ್ಷ ಚದರ ಕಿಲೋಮೀಟರು; ಮೂರು ಕರ್ನಾಟಕಗಳನ್ನು ಅದರೊಳಗಿಟ್ಟರೂ ಸ್ಥಳ ಮಿಗುವುದು. ಅದರ ಉತ್ತರದ ಅಂಚಿನಲ್ಲಿರುವ ಲಿವಾ ಪ್ರಾಂತದ ತಲ್ ಮೊರೀಬ್ ಎಂಬ ಗುಡ್ಡವು ಸುಮಾರು 300 ಮೀಟರು ಎತ್ತರಕ್ಕೆ ಎದ್ದು ನಿಂತಿದೆ. ಇಂಥ ಗುಡ್ಡಗಳಿಗೆಲ್ಲ ಸಾಮಾನ್ಯವಾಗಿ ಎರಡು ಮುಖಗಳಿರುತ್ತವೆ. ಗಾಳಿ ಬೀಸಿ ಬರುವ ಕಡೆಯ ಮುಖವು ನಿಧಾನವಾಗಿ ಏರುವಂಥದು, ಕಣಗಳು ಒತ್ತೊತ್ತಾಗಿ ಕುಳಿತು ಸಾಕಷ್ಟು ಬಿಗಿಯಾಗಿರುವಂಥದು. ಗಾಳಿಯ ಮರೆಯಲ್ಲಿರುವ ಮುಖವಾದರೋ, ನೆತ್ತಿಯಿಂದ ಉದುರಿದ ಕಣಗಳು ಜಾರಿ ಜಾರಿ ನಿಂತುದರಿಂದ ಉಂಟಾದದ್ದು. ಒಣಮರಳು ಜಾರದೆ ನಿಲ್ಲಬಲ್ಲ ಪರಮಾವಧಿಯಾದ 32ರಿಂದ 34 ಡಿಗ್ರಿಗಳ ಇಳಿಜಾರಿನಲ್ಲಿ ಅದು ಸಡಿಲವಾಗಿ ತೂಗಿಕೊಂಡಿರುವುದು. ಮೊದಲ ಮುಖದ ಮೇಲೆ ನಂಬಿಕೆಯಿಂದ ಏರಿದ ಗಾಡಿಯು ನೆತ್ತಿ ದಾಟಿದ ಕ್ಷಣದಲ್ಲಿಯೇ ಎರಡನೆಯ ಮುಖದ ಮೆತ್ತನೆಯ ಮರಳಿಗೆ ಇಳಿಯುವುದರಿಂದ, ಒಂದೇ ಗುಡ್ಡದಲ್ಲಿ ಒಂದೇ ಗಾಡಿಗೆ ಎರಡು ಬಗೆಯ ಪರೀಕ್ಷೆಗಳು ಎದುರಾಗುತ್ತವೆ.

ಈ ಪರೀಕ್ಷೆಯ ಸ್ವರೂಪವನ್ನು ಅಂಕಿಗಳಲ್ಲಿ ಕಾಣುವುದು ಲೇಸು. ಒಳ್ಳೆಯ ಡಾಂಬರು ರಸ್ತೆಯ ಮೇಲೆ ಉರುಳುವ ಚಕ್ರಗಳಿಗೆ ನೆಲವು ಒಡ್ಡುವ ಪ್ರತಿರೋಧ, ಗಾಡಿಯ ತೂಕದ ನೂರರಲ್ಲಿ ಒಂದು ಅಥವಾ ಒಂದೂವರೆ ಪಾಲು ಮಾತ್ರ. ಸಡಿಲ ಮರಳಿನಲ್ಲಿ ಅದೇ ಪ್ರತಿರೋಧವು ತೂಕದ ಐದನೆಯ ಒಂದು ಪಾಲಿಗೂ, ಒಮ್ಮೊಮ್ಮೆ ಅದಕ್ಕಿಂತ ಮೇಲಕ್ಕೂ ಏರುವುದು. ಎರಡು ಟನ್ನು ತೂಗುವ ಗಾಡಿಯನ್ನು ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಒಯ್ಯಲು, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ರಸ್ತೆಯಲ್ಲಿ ನಾಲ್ಕೈದು ಅಶ್ವಶಕ್ತಿ ಸಾಕಾಗುವಲ್ಲಿ, ಸಮತಟ್ಟಾದ ಮರಳಿನಲ್ಲಿ ಸುಮಾರು 60 ಬೇಕಾಗುವುದು. ಅದೇ ವೇಗವನ್ನು ಕುಂದಗೊಡದೆ 20 ಡಿಗ್ರಿಯ ಏರನ್ನು ಏರಬೇಕಾದರೆ 150ಕ್ಕೂ ಮೇಲೆ. ಇದು ಚಕ್ರದಲ್ಲಿ ದೊರೆಯಬೇಕಾದ ಶಕ್ತಿಯೇ ಹೊರತು ಮಾರಾಟದ ಕರಪತ್ರದಲ್ಲಿ ಅಚ್ಚಾಗಿರುವ ಶಕ್ತಿಯಲ್ಲ; ಗೇರುಪೆಟ್ಟಿಗೆಯಿಂದ ಚಕ್ರಗಳವರೆಗಿನ ದಾರಿಯಲ್ಲಿ ಕಳೆದುಹೋಗುವ ಪಾಲೊಂದಿದೆ.

ಹೀಗಾದರೆ ದೊಡ್ಡ ಎಂಜಿನ್ನೇ ಮೇಲಲ್ಲವೆ ಎಂದು ಓದುಗರು ಕೇಳಬಹುದು. ಆದರೆ ಇದೇ ಲೆಕ್ಕವನ್ನು ಜನರೊಂದಿಗೆ ಒಂದು ಟನ್ನು ಇನ್ನೂರು ಕಿಲೊ ತೂಗುವ ಸಣ್ಣ ಗಾಡಿಗೆ ಹಾಕಿ ನೋಡಿದರೆ, ಅದೇ ಏರನ್ನು ಅದೇ ವೇಗದಲ್ಲಿ ಏರಲು ಅದಕ್ಕೆ ಬೇಕಾಗುವುದು 90 ಚಿಲ್ಲರೆ ಅಶ್ವಶಕ್ತಿ ಮಾತ್ರ. ಮರಳು ತನ್ನ ಸುಂಕವನ್ನು ತೂಕದ ಮೇಲೆ ವಿಧಿಸುತ್ತದೆ. ಸಿಲಿಂಡರುಗಳ ಸಂಖ್ಯೆಯನ್ನು ಅದು ವಿಚಾರಿಸುವುದಿಲ್ಲ.

ಬ್ಯಾಗ್ನಾಲ್ಡನ ಪಡೆಯ ಅನುಭವ

ಈ ತತ್ತ್ವವು ಕಾಗದದ ಮೇಲೆ ಹುಟ್ಟಿದ್ದಲ್ಲ. ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಬ್ರಿಟಿಷ್ ಸೇನಾಧಿಕಾರಿಯು 1920ರ ದಶಕದಿಂದಲೇ ಫೋರ್ಡ್ ಕಂಪನಿಯ ಸಾಧಾರಣ ಕಾರುಗಳನ್ನು ಲಿಬಿಯ ಮರುಭೂಮಿಯ ಮರಳಿಗೆ ಇಳಿಸಿ, ಟಯರಿನ ಗಾಳಿಯನ್ನು ಇಳಿಸುವ ಕ್ರಮವನ್ನೂ, ಕುದಿದ ರೇಡಿಯೇಟರಿನ ಆವಿಯನ್ನು ಹಿಡಿದು ತಣಿಸಿ ನೀರಾಗಿ ಮರಳಿಸುವ ಏರ್ಪಾಡನ್ನೂ, ಸೂರ್ಯನ ನೆರಳಿನಿಂದ ದಿಕ್ಕನ್ನು ತಿಳಿಯುವ ಸೂರ್ಯದಿಕ್ಸೂಚಿಯನ್ನೂ ಪ್ರಯೋಗಗಳಿಂದ ಪರಿಷ್ಕರಿಸಿದನು. ಗಾಳಿಯು ಮರಳನ್ನು ಸಾಗಿಸುವ ಬಗೆಯನ್ನು ಕುರಿತು 1941ರಲ್ಲಿ ಅವನು ಪ್ರಕಟಿಸಿದ ಗ್ರಂಥವು ಆ ಶಾಸ್ತ್ರಕ್ಕೆ ಇಂದಿಗೂ ಆಧಾರವಾಗಿದೆ. ಮಹಾಯುದ್ಧವು ಉತ್ತರ ಆಫ್ರಿಕಕ್ಕೆ ಹಬ್ಬಿದ 1940ರಲ್ಲಿ ಅವನು ಈಜಿಪ್ಟಿನಲ್ಲಿ ಕಟ್ಟಿದ, ಮುಂದೆ ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್ ಎಂದು ಪ್ರಸಿದ್ಧವಾದ ಪಡೆಯು, ಒಂದೂವರೆ ಟನ್ನು ಹೊರುವ ಷೆವ್ರೊಲೆ ಲಾರಿಗಳನ್ನು ಆಯ್ದುಕೊಂಡಿತು. ಅವುಗಳಲ್ಲಿ ಎಂಜಿನ್ನಿನ ಬಲವು ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತಿತ್ತೆಂಬುದನ್ನು ಇಂದಿನ ಓದುಗರು ಗಮನಿಸತಕ್ಕದ್ದು. ಬಾಗಿಲು, ಗಾಜು, ಮೇಲ್ಛಾವಣಿಗಳನ್ನೆಲ್ಲ ಕಿತ್ತೆಸೆದು ತೂಕವನ್ನು ಇಳಿಸಿ, ಅಗಲವಾದ ಕಡಿಮೆ ಗಾಳಿಯ ಟಯರುಗಳನ್ನು ತೊಡಿಸಿ, ಅವರು ಶತ್ರುಸೇನೆಯ ಬೆನ್ನ ಹಿಂದೆ ದೀರ್ಘ ಸಂಚಾರಗಳನ್ನು ಕೈಕೊಂಡರು.

1941ರ ಮಾರ್ಚಿಯಲ್ಲಿ ಆ ಷೆವ್ರೊಲೆಗಳ ಬದಲು ನಾಲ್ಕು ಚಕ್ರಗಳಿಗೂ ಬಲ ಕೊಡುವ ಫೋರ್ಡ್ ಲಾರಿಗಳು ಬಂದುವು. ಮೇಲುನೋಟಕ್ಕೆ ಇದು ಪ್ರಗತಿ. ವಸ್ತುತಃ ಆದದ್ದೇ ಬೇರೆ. ಹೊಸ ಲಾರಿಗಳು ಹೆಚ್ಚು ಭಾರವಾದುವಾದ್ದರಿಂದಲೂ, ನಾಲ್ಕು ಚಕ್ರಗಳನ್ನು ತಿರುಗಿಸುವ ಹೊರೆಯಿಂದಲೂ, ಅವು ಹಳೆಯವುಗಳ ಎರಡರಷ್ಟು ಪೆಟ್ರೋಲನ್ನು ಕುಡಿದುವು. ತತ್ಫಲವಾಗಿ ತುಕಡಿಗಳು ಹೋಗಿಬರಬಲ್ಲ ದೂರವು ಕುಗ್ಗಿತು. 1942ರ ಮಾರ್ಚಿಯಿಂದ ಆ ಪಡೆಯು ಕೆನಡಾದಲ್ಲಿ ತಯಾರಾದ 200 ಷೆವ್ರೊಲೆಗಳನ್ನು ವಿಶೇಷವಾಗಿ ತರಿಸಿಕೊಂಡು, ಪುನಃ ಹಗುರವಾದ ಗಾಡಿಗೇ ಮರಳಿತು. ಇಂದು ನಾಲ್ಕು ಚಕ್ರಗಳ ಬಲವನ್ನು ಬೇಡವೆನ್ನುವವರಾರೂ ಇಲ್ಲ. ಪೆಟ್ರೋಲ್ ಬಂಕು ಹತ್ತಿರವಿರುವ ವಿಹಾರಿಗೆ ಅದು ನಿರ್ವಿವಾದವಾದ ಅನುಕೂಲ. ಆದರೂ ಬಲವನ್ನು ಹೆಚ್ಚಿಸುವ ಪ್ರತಿಯೊಂದು ಏರ್ಪಾಡೂ ತನ್ನ ತೂಕವನ್ನು ಜೊತೆಗೆ ಹೊತ್ತು ತರುವುದೆಂಬ ಪಾಠವು ಹಳೆಯದಾಗಿಲ್ಲ.

ಗಾಳಿ ಮೊದಲು, ಗೇರು ಬಳಿಕ

ಮರಳಿನ ಅಂಚಿಗೆ ಬಂದ ಗಾಡಿಯವರು ಮೊದಲು ಮಾಡುವ ಕೆಲಸ ಟಯರಿನ ಗಾಳಿ ಇಳಿಸುವುದು. ರಸ್ತೆಯಲ್ಲಿ 35 ಪಿಎಸ್‌ಐ ಇದ್ದ ಗಾಳಿಯನ್ನು 15ರ ಸುಮಾರಿಗೆ ತಂದಾಗ, ಟಯರಿನ ಪಕ್ಕೆ ಉಬ್ಬಿ, ಅದರ ಅಡಿಯು ಉದ್ದಕ್ಕೆ ಚಪ್ಪಟೆಯಾಗಿ ಹರಡಿಕೊಂಡು, ಚಕ್ರವು ಮರಳನ್ನು ಒತ್ತುವ ಒತ್ತಡವು ಬಹಳಷ್ಟು ಕೆಳಗಿಳಿಯುತ್ತದೆ. ನಮ್ಮ ಕಡೆ ಕೆಸರುಗದ್ದೆಗೆ ಇಳಿಸುವ ಟಿಲ್ಲರಿಗೆ ಅಗಲವಾದ ಕೇಜ್ ವೀಲನ್ನು ಸಿಕ್ಕಿಸುವುದರ ಹಿಂದಿರುವುದೂ ಇದೇ ಯುಕ್ತಿ. ಗಾಳಿ ಇಳಿಸದ ಐದು ಲೀಟರಿನ ಗಾಡಿ ಹೂತು ನಿಂತ ಜಾಗದಲ್ಲಿ, ಗಾಳಿ ಇಳಿಸಿದ ಒಂದೂವರೆ ಲೀಟರಿನ ಗಾಡಿ ನಿರಾಯಾಸವಾಗಿ ಹಾದುಹೋಗುವುದು ಅಲ್ಲಿ ಅಪರೂಪದ ದೃಶ್ಯವಲ್ಲ. ಗಾಳಿಯನ್ನು ಮಿತಿಮೀರಿ ಇಳಿಸಿದರೆ ಮಾತ್ರ, ಥಟ್ಟನೆ ತಿರುಗಿಸಿದಾಗ ಟಯರು ಚಕ್ರದ ಅಂಚಿನಿಂದ ಕಳಚಿಕೊಳ್ಳುವ ಅಪಾಯವುಂಟು.

ಹೂತುಹೋಗುವ ಪರಿಯನ್ನು ಹತ್ತಿರದಿಂದ ನೋಡಿದವರಿಗೆ ಎಂಜಿನ್ನಿನ ಬಲದ ಮೇಲಿನ ಭ್ರಮೆ ತಾನಾಗಿ ಕಳೆಯುವುದು. ಏರಿನ ನಡುವೆ ಎಂಜಿನ್ನಿನ ಸದ್ದು ಕುಂದಿ ಗಾಡಿ ನಿಧಾನಿಸಿದಾಗ, ಚಾಲಕನು ಗಾಬರಿಯಿಂದ ಆಕ್ಸಿಲರೇಟರನ್ನು ಪೂರ್ತಿ ತುಳಿಯುತ್ತಾನೆ. ಚಕ್ರಗಳು ಗಿರ್ರೆಂದು ಸುತ್ತಿ, ಮರಳನ್ನು ಹಿಂದಕ್ಕೆ ಚಿಮ್ಮಿಸಿ, ತಮ್ಮ ಗುಂಡಿಯನ್ನು ತಾವೇ ತೋಡಿಕೊಳ್ಳುತ್ತವೆ. ನಾಲ್ಕಾರು ಕ್ಷಣಗಳಲ್ಲಿ ಅಚ್ಚು ಮರಳಿಗೆ ತಾಗಿ, ಗಾಡಿಯ ಹೊಟ್ಟೆ ನೆಲದ ಮೇಲೆ ಕುಳಿತುಬಿಡುತ್ತದೆ. ಆಗ ಎಂಜಿನ್ನು ದೊಡ್ಡದಾದಷ್ಟೂ ಗುಂಡಿ ಬೇಗ ಆಳವಾಗುವುದು. ತುಳಿತವನ್ನು ಬಿಟ್ಟು, ಬಂದ ದಾರಿಯಲ್ಲಿಯೇ ನೆಟ್ಟಗೆ ಹಿಂದಕ್ಕೆ ಇಳಿದು, ಇನ್ನೊಮ್ಮೆ ಓಟ ತೆಗೆದುಕೊಳ್ಳುವುದೇ ಬಲ್ಲವರ ಮಾರ್ಗ.

ಗೇರಿನ ವಿಷಯದಲ್ಲಿ ಹೆಚ್ಚು ವಿಸ್ತರಿಸಬೇಕಾದ್ದಿಲ್ಲ. 'ಫೋರ್ ಲೋ' ಎಂದು ಕರೆಯುವ ಇಳಿಗೇರಿನ ವ್ಯವಸ್ಥೆಯಿಲ್ಲದ ಗಾಡಿಯನ್ನು, ಅದರ ಹೊರರೂಪವು ಎಷ್ಟೇ ಗಂಭೀರವಾಗಿರಲಿ, ಮರಳುಗುಡ್ಡಕ್ಕೆಂದು ಕೊಳ್ಳತಕ್ಕದ್ದಲ್ಲ. ಕ್ಲಚ್ಚಿನ ಗಾಡಿಯಲ್ಲಿ ಗೇರು ಬದಲಿಸುವ ಅರೆಕ್ಷಣದಲ್ಲಿಯೇ ಮರಳು ಓಟವನ್ನು ನುಂಗುವುದರಿಂದಲೂ, ಹೂತಾಗ ಕ್ಲಚ್ಚು ಸುಟ್ಟುಹೋಗುವ ಭಯವಿರುವುದರಿಂದಲೂ, ಹೊಸಬರಿಗೆ ಆಟೊಮ್ಯಾಟಿಕ್ ಗೇರೇ ಕ್ಷೇಮಕರ. ಚಕ್ರ ಜಾರಿದೊಡನೆ ಎಂಜಿನ್ನಿನ ಬಲವನ್ನು ಕತ್ತರಿಸುವ ಟ್ರ್ಯಾಕ್ಷನ್ ಕಂಟ್ರೋಲ್, ಮಳೆಯ ರಸ್ತೆಯಲ್ಲಿ ರಕ್ಷಕನಾದರೂ ಏರಿನ ನಡುವೆ ಶತ್ರುವಾಗಬಲ್ಲದು. ಅದನ್ನು ಪೂರ್ಣವಾಗಿ ನಿಲ್ಲಿಸಲು ಬರುವುದೇ ಎಂದು ಕೊಳ್ಳುವ ಮೊದಲೇ ವಿಚಾರಿಸಬೇಕು.

ಇನ್ನು ಎಂಜಿನ್ನು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕೊಲ್ಲಿಯಲ್ಲಿ ಪ್ರಚಲಿತವಾಗಿರುವ ಕೆಲವು ಗಾಡಿಗಳ ಅಶ್ವಶಕ್ತಿಯನ್ನು ಅವುಗಳ ಖಾಲಿ ತೂಕದಿಂದ ಭಾಗಿಸಿ ನೋಡಿದರೆ ಕುತೂಹಲಕರವಾದ ಚಿತ್ರವೊಂದು ಮೂಡುವುದು. 5.6 ಲೀಟರಿನ ಎಂಟು ಸಿಲಿಂಡರುಗಳ, 400 ಅಶ್ವಶಕ್ತಿಯ ನಿಸಾನ್ ಪ್ಯಾಟ್ರೋಲ್ ಸುಮಾರು 2.7 ಟನ್ನು ತೂಗುವುದರಿಂದ, ಟನ್ನಿಗೆ 150ರ ಆಸುಪಾಸು ದೊರೆಯುತ್ತದೆ. 3.6 ಲೀಟರಿನ ಆರು ಸಿಲಿಂಡರುಗಳ, 285 ಅಶ್ವಶಕ್ತಿಯ ಎರಡು ಬಾಗಿಲಿನ ಜೀಪ್ ರ‍್ಯಾಂಗ್ಲರ್, ತೂಕ 1.8 ಟನ್ನಿನಷ್ಟಾದ್ದರಿಂದ ಅಲ್ಲಿಯೂ ದೊರೆಯುವುದು ಹೆಚ್ಚುಕಡಿಮೆ ಅಷ್ಟೇ! ಎರಡು ಲೀಟರಿನ ವ್ಯತ್ಯಾಸವನ್ನು ತೂಕವೊಂದೇ ತಿಂದುಹಾಕಿತು. 4 ಲೀಟರಿನ ಟೊಯೋಟ ಎಫ್‌ಜೆ ಕ್ರೂಸರಿಗೆ ಟನ್ನಿಗೆ 135ರಷ್ಟು. ಮರಳಿನ ಜನ ಇಂದಿಗೂ ಪ್ರೀತಿಯಿಂದ ಸಾಕಿಕೊಂಡಿರುವ 4.8 ಲೀಟರಿನ ಹಳೆಯ ಪ್ಯಾಟ್ರೋಲಿಗೆ 115ರಷ್ಟು, 1.5 ಲೀಟರಿನ ಸುಜುಕಿ ಜಿಮ್ನಿಗೆ 90ರಷ್ಟು.

ಹಾಗಾದರೆ ಆ ಹಳೆಯ ಪ್ಯಾಟ್ರೋಲಿನ ಕೀರ್ತಿಗೆ ಕಾರಣವೇನು? ಎರಡು ಕಾರಣಗಳುಂಟು. ಗಾತ್ರ ದೊಡ್ಡದಾದ ಎಂಜಿನ್ನು, ಹೆಚ್ಚು ಸುತ್ತುಗಳಿಗೆ ಕಾಯದೆ, ನಿಧಾನಗತಿಯಲ್ಲಿಯೇ ಚಕ್ರವನ್ನು ತಿರುಗಿಸುವ ಟಾರ್ಕನ್ನು ಧಾರಾಳವಾಗಿ ಒದಗಿಸುವುದರಿಂದ, ಏರಿನ ನಡುವೆ ಓಟ ಕುಂದಿದಾಗ ಚಾಲಕನಿಗೆ ತಿದ್ದಿಕೊಳ್ಳಲು ಅವಕಾಶವಿರುತ್ತದೆ. ಸಣ್ಣ ಎಂಜಿನ್ನಿನವನು ಗೇರನ್ನೂ ಓಟವನ್ನೂ ಬುಡದಲ್ಲಿಯೇ ಸರಿಯಾಗಿ ನಿರ್ಧರಿಸಿಕೊಂಡಿರಬೇಕು. ಎರಡನೆಯದು ಹೊರೆಯ ಮಾತು. ನಾಲ್ಕು ಜನ, ನೀರು, ಊಟದ ಪೆಟ್ಟಿಗೆ, ಗುದ್ದಲಿ, ಕಂಪ್ರೆಸರು, ಎಳೆಯುವ ಹಗ್ಗ ಎಲ್ಲ ಸೇರಿ 350 ಕಿಲೊ ಆಯಿತೆನ್ನೋಣ. ಜಿಮ್ನಿಗೆ ಅದು ತನ್ನ ತೂಕದ ಮೂರನೆಯ ಒಂದು ಪಾಲು, ಹಳೆಯ ಪ್ಯಾಟ್ರೋಲಿಗೆ ಏಳನೆಯ ಒಂದು ಪಾಲು. ಒಬ್ಬಂಟಿಯಾಗಿ ಮರಿಜಿಂಕೆಯಂತೆ ನೆಗೆದ ಸಣ್ಣ ಗಾಡಿಯು ಸಂಸಾರವನ್ನು ಹೊತ್ತಾಗ ಏದುಸಿರು ಬಿಡುವುದು ಈ ಕಾರಣದಿಂದಲೇ. ಸೆಕೆಯ ಪ್ರಭಾವವನ್ನೂ ಇಲ್ಲಿ ಮರೆಯಲಾಗದು: 45 ಡಿಗ್ರಿಯ ಗಾಳಿಯು 25 ಡಿಗ್ರಿಯ ಗಾಳಿಗಿಂತ ನೂರಕ್ಕೆ ಆರರಷ್ಟು ತೆಳು, ಟರ್ಬೊ ಇಲ್ಲದ ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುವುದು.

ಭಾರವಾದ ಗಾಡಿಗೆ ಅದರದೇ ಆದ ದಂಡವೂ ಉಂಟು. ಮೇಲೆ ಗಟ್ಟಿಯಾಗಿ ಕಂಡು ಒಳಗೆ ಕೆಸರಾಗಿರುವ ಉಪ್ಪುನೆಲ ಅರೇಬಿಯದ ಗುಡ್ಡಗಳ ನಡುವೆ ಅಲ್ಲಲ್ಲಿ ಇದ್ದು, ಅದನ್ನು ಸಬ್ಖಾ ಎನ್ನುತ್ತಾರೆ. ಅದರಲ್ಲಿ ಮುಳುಗಿದ ಮೂರು ಟನ್ನನ್ನು ಮೇಲೆತ್ತುವುದಕ್ಕೂ ಒಂದು ಟನ್ನನ್ನು ಎಳೆದು ತೆಗೆಯುವುದಕ್ಕೂ ಇರುವ ಅಂತರವನ್ನು ಗುದ್ದಲಿ ಹಿಡಿದವನೇ ಬಲ್ಲ.

ನಮ್ಮ ದೇಶದ ಥಾರ್ ಮರುಭೂಮಿಯಲ್ಲಿ ಈ ಹಗುರತ್ವದ ಪಕ್ಷಕ್ಕೆ ಒಳ್ಳೆಯ ಸಾಕ್ಷಿಯಿದೆ. 1985ರಲ್ಲಿ ಬಂದ ಮಾರುತಿ ಜಿಪ್ಸಿಯು ಮುಂದೆ 1.3 ಲೀಟರಿನ, 80 ಅಶ್ವಶಕ್ತಿಯ ಎಂಜಿನ್ನನ್ನು ಪಡೆದಾಗಲೂ ಒಂದು ಟನ್ನಿನ ಆಸುಪಾಸಿನಲ್ಲಿಯೇ ತೂಗುತ್ತಿತ್ತು. ಭೂಸೇನೆ ಅದನ್ನು ಬಹುಕಾಲ ನೆಚ್ಚಿಕೊಂಡಿತ್ತು. ಡಕಾರ್ ರ‍್ಯಾಲಿಯ ಇತಿಹಾಸದಲ್ಲಿಯೂ ಇಂಥ ನಿದರ್ಶನಗಳಿವೆ: 1980ರಲ್ಲಿ ಮರೋ ಸಹೋದರರು ಪುಟ್ಟ ರೆನೋ 4 ಕಾರಿನಲ್ಲಿ ಸಹಾರವನ್ನು ದಾಟಿ ಕಾರುಗಳ ವಿಭಾಗದಲ್ಲಿ ಮೂರನೆಯವರಾದರು. ಅದೇ ರ‍್ಯಾಲಿಯ ಮೋಟಾರ್‌ಸೈಕಲ್ಲುಗಳಿಗೆ 2011ರಿಂದ 450 ಸಿಸಿಯ ಮಿತಿ ವಿಧಿಸಲಾಗಿದೆ, ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಆ ಮಿತಿಯೊಳಗಿನ ಬೈಕಿನಲ್ಲಿಯೇ 36ನೆಯವರಾಗಿ ಗುರಿ ಮುಟ್ಟಿ, ಡಕಾರನ್ನು ಪೂರೈಸಿದ ಪ್ರಥಮ ಭಾರತೀಯರೆನಿಸಿದರು.

ಆದ್ದರಿಂದ ಕೊಳ್ಳಹೊರಟವರು ತಮ್ಮ ಮನೆಯ ಜನರನ್ನೂ ಸಾಮಾನನ್ನೂ ಗಾಡಿಯ ತೂಕಕ್ಕೆ ಕೂಡಿಸಿ, ಬಂದ ಟನ್ನುಗಳಿಂದ ಅಶ್ವಶಕ್ತಿಯನ್ನು ಭಾಗಿಸಿ ನೋಡಲಿ. ನನ್ನ ಎಣಿಕೆಯಂತೆ ಫಲವು 70ರ ಆಸುಪಾಸಿನಲ್ಲಿದ್ದರೆ ಸಣ್ಣ ದಿಬ್ಬಗಳಲ್ಲಿ ಕೌಶಲ ಕಲಿಯಲು ಅದು ಉತ್ತಮ ಗುರು. 100ರಿಂದ 120 ಬಂದರೆ ಲಿವಾದವರೆಗೂ ಸಂಸಾರ ಸಮೇತ ಹೋಗಿಬರಬಹುದು, ಮತ್ತು ಅದು ಸಾಮಾನ್ಯವಾಗಿ ಎರಡು ಟನ್ನಿನ ಗಾಡಿಯಲ್ಲಿ 4 ಲೀಟರಿನ ಸುಮಾರಿಗೆ ಬಂದು ನಿಲ್ಲುವುದು. ಅದಕ್ಕೂ ಮೇಲಿನದು ಸಂತೋಷಕ್ಕೆ ತೆರುವ ಬೆಲೆಯೇ ಹೊರತು ಅವಶ್ಯಕತೆಗಲ್ಲ. ದೊಡ್ಡ ಎಂಜಿನ್ನಿಗೆ ಕೊಡಬೇಕೆಂದಿದ್ದ ಹೆಚ್ಚಿನ ಹಣದಲ್ಲಿ ಒಳ್ಳೆಯ ಟಯರು, ನಂಬಿಕೆಯ ಕಂಪ್ರೆಸರು, ಭದ್ರವಾದ ಎಳೆಕೊಕ್ಕೆಗಳನ್ನು ಕೊಂಡು, ಉಳಿದುದನ್ನು ಬಲ್ಲವರಿಂದ ಕಲಿಯುವುದಕ್ಕೆ ವಿನಿಯೋಗಿಸುವುದು ವಿವೇಕ. ಒಂದು ನಿಯಮಕ್ಕೆ ಮಾತ್ರ ಯಾವ ಲೆಕ್ಕದಿಂದಲೂ ವಿನಾಯಿತಿಯಿಲ್ಲ: ಎಷ್ಟೇ ಲೀಟರಿನ ಗಾಡಿಯಾಗಲಿ, ಜೊತೆಯಲ್ಲಿ ಇನ್ನೊಂದು ಗಾಡಿಯಿಲ್ಲದೆ ಮರಳಿಗೆ ಇಳಿಯಕೂಡದು.