ಒಂದು ಮೊಳ ಹೂವು

ಸಂಸಾರದ ಸುಖವನ್ನು ಅಳೆಯುವ ಅಳತೆ ಯಾವುದೆಂದು ಯಾರಾದರೂ ಕೇಳಿದರೆ ನಾನು ‘ಮೊಳ’ ಎಂದು ಉತ್ತರ ಹೇಳುತ್ತೇನೆ. 1956ರ ಕಾಯಿದೆ ಬಂದ ಮೇಲೆ ಸೇರು, ಪಾವು, ಚಟಾಕುಗಳು ಒಂದೊಂದಾಗಿ ಅಂಗಡಿಗಳನ್ನು ಬಿಟ್ಟು ಹೊರಟುವು; ಗಜವು ಮೀಟರಿಗೆ ಸ್ಥಾನ ಬಿಟ್ಟುಕೊಟ್ಟಿತು. ಆದರೆ ದೇವಸ್ಥಾನದ ಬಾಗಿಲಲ್ಲಿ ಹೂವಿನ ಬುಟ್ಟಿಯ ಮುಂದೆ ಕುಳಿತಿರುವ ಹೂವಾಡಗಿತ್ತಿಯ ರಾಜ್ಯದಲ್ಲಿ ಇಂದಿಗೂ ಮೊಳದ ಆಳ್ವಿಕೆಯೇ ನಡೆದಿದೆ. ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಸಾಗುವ ಈ ಅಳತೆಗೆ ಸರ್ಕಾರದ ಮುದ್ರೆಯಿಲ್ಲ. ಒಬ್ಬಳ ಮೊಳ ಇನ್ನೊಬ್ಬಳದಕ್ಕೆ ಸರಿಹೊಂದುವುದಿಲ್ಲ. ಗಿಡ್ಡ ಕೈಯವಳಿಗೆ ಲಾಭವೆಂದೂ ನೀಳ ಕೈಯವಳಿಗೆ ಗಿರಾಕಿಗಳು ಹೆಚ್ಚೆಂದೂ ಹೇಳುವುದುಂಟು. ಅಳೆದು ಮುಗಿದ ಮೇಲೂ ‘ಇನ್ನೊಂದು ಗೇಣು ಬಿಡಮ್ಮ’ ಎಂದು ಕೇಳುವುದಕ್ಕೆ ಅವಕಾಶವಿರುವ ಅಳತೆ ಲೋಕದಲ್ಲಿ ಬೇರೊಂದಿದೆಯೋ ಇಲ್ಲವೋ!

ನಮ್ಮ ಮನೆಯ ಮೊಳ ನಮ್ಮ ಸೋದರತ್ತೆಯ ಕೈ. ಮೈಸೂರಿನ ಹಳೆಯ ಬೀದಿಯೊಂದರಲ್ಲಿದ್ದ ನಮ್ಮ ಮನೆ ಮುಂದುಗಡೆ ಇಕ್ಕಟ್ಟು, ಹಿಂದುಗಡೆ ಉದಾರ. ಬೀದಿಯಿಂದ ನೋಡಿದವರಿಗೆ ಜಗಲಿಯೊಂದು, ಬಾಗಿಲೊಂದು. ಹಜಾರ, ನಡುಮನೆ, ಅಡಿಗೆಮನೆಗಳನ್ನು ದಾಟಿ ಹೋದವರಿಗೆ ಮಾತ್ರ ಹಿತ್ತಲು. ಮನೆಯ ವೈಭವವೆಲ್ಲ ಅಲ್ಲಿತ್ತು. ಮನೆಯೊಳಗಣ ಕಾಲವನ್ನು ಗೋಡೆಯ ಪಂಚಾಂಗ ಸಾರಿದರೆ ಹಿತ್ತಲಿನ ಕಾಲವನ್ನು ಗಿಡಗಳೇ ಸಾರುತ್ತಿದ್ದುವು. ಯುಗಾದಿ ಕಳೆದು ಬಿಸಿಲು ಬಲಿತಂತೆ ದುಂಡುಮಲ್ಲಿಗೆ, ಮಳೆ ಹಿಡಿಯುತ್ತಲೂ ಸಂಪಿಗೆ, ಶ್ರಾವಣದ ಹೊತ್ತಿಗೆ ಪಾರಿಜಾತ, ದಸರೆಯಿಂದಾಚೆಗೆ ಸೇವಂತಿಗೆ. ಕನಕಾಂಬರಕ್ಕೆ ಕಾಲದ ಹಂಗೇ ಇರಲಿಲ್ಲ. ಕಂಪಿಲ್ಲದ ಕೊರತೆಯನ್ನು ಅದು ಬಣ್ಣದಿಂದಲೂ ಬಾಳಿಕೆಯಿಂದಲೂ ತುಂಬಿಕೊಡುತ್ತಿತ್ತು. ಬಾವಿಯ ಪಕ್ಕದಲ್ಲಿ ದಾಸವಾಳ, ಗೋಡೆಯ ಬುಡದಲ್ಲಿ ನಂದಿಬಟ್ಟಲು, ಮೂಲೆಯಲ್ಲಿ ಒಂದು ಹಿಡಿ ಮರುಗ. ತೋಟವೆಂದು ಕರೆಯುವಷ್ಟು ದೊಡ್ಡದಲ್ಲ. ಆದರೆ ಹೂವನ್ನು ಕೊಂಡುತಂದ ದಿನ ನನ್ನ ನೆನಪಿನಲ್ಲಿ ವಿರಳ.

ಇಷ್ಟಕ್ಕೂ ನಡೆದ ವೆಚ್ಚ ಅತ್ಯಲ್ಪ. ಅಕ್ಕಿ ತೊಳೆದ ನೀರು ಮಲ್ಲಿಗೆಯ ಬುಡಕ್ಕೆ, ಬಚ್ಚಲ ನೀರು ಬಾಳೆಗೆ, ಒಲೆಯ ಬೂದಿ ಸೇವಂತಿಗೆಯ ಪಾತಿಗೆ. ಮಲ್ಲಿಗೆಯ ವಿಷಯದಲ್ಲಿ ಅತ್ತೆಯದು ಕೊಂಚ ನಿಷ್ಠುರವಾದ ಕ್ರಮ. ಚಳಿಗಾಲದಲ್ಲಿ ಅವರು ಬಳ್ಳಿಯನ್ನು ಕತ್ತರಿಸಿ, ನೀರನ್ನು ತಡೆದು, ಎಲೆಯುದುರಿಸಿ ನಿಲ್ಲಿಸುತ್ತಿದ್ದರು. ಗಿಡ ಒಣಗಿತೆಂದೇ ನಾವು ಹುಡುಗರು ಮರುಗುತ್ತಿದ್ದೆವು. ಆಮೇಲೆ ಬುಡ ಕೆದಕಿ ಗೊಬ್ಬರವಿಕ್ಕಿ ನೀರುಣಿಸಿದರೆ, ಮೂರೇ ವಾರದಲ್ಲಿ ಎಳೆ ಚಿಗುರು. ಚಿಗುರಿನ ತುದಿತುದಿಗೂ ಮೊಗ್ಗು. ‘ಹಳೆಯ ಕಡ್ಡಿ ಎಲೆ ಕೊಡುತ್ತೆ, ಹೊಸ ಚಿಗುರು ಹೂವು ಕೊಡುತ್ತೆ’ ಎಂಬುದು ಅತ್ತೆಯ ಸಸ್ಯಶಾಸ್ತ್ರ. ಮುಂದೆ ಕಾಲೇಜಿನಲ್ಲಿ ಪುಸ್ತಕದಿಂದ ಓದಿದ ಶಾಸ್ತ್ರಕ್ಕೂ ಇದಕ್ಕೂ ವಿರೋಧವೇನೂ ಕಾಣಲಿಲ್ಲ.

ಪಾರಿಜಾತದ್ದು ಬೇರೆಯೇ ಧರ್ಮ. ಅದನ್ನು ಕೀಳಬೇಕಾದ್ದಿಲ್ಲ, ಆಯ್ದುಕೊಳ್ಳಬೇಕು. ನೆಲಕ್ಕೆ ಬಿದ್ದ ಹೂವು ದೇವರಿಗೆ ಸಲ್ಲದೆಂಬ ನಿಯಮ ಪಾರಿಜಾತಕ್ಕೆ ಅನ್ವಯಿಸುವುದಿಲ್ಲ. ಇರುಳಲ್ಲಿ ಅರಳಿ ಬೆಳಗಾಗುವುದರೊಳಗೆ ಉದುರುವ ಈ ಮರಕ್ಕೆ, 1753ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಸ್ವೀಡನ್ ದೇಶದ ಲಿನೇಯಸ್ ಪಂಡಿತನು ‘ಶೋಕವೃಕ್ಷ’ ಎಂಬ ಅರ್ಥ ಬರುವ ಲ್ಯಾಟಿನ್ ಹೆಸರನ್ನು ದಾಖಲಿಸಿದನು. ಆ ಮಹಾಶಯನು ನಮ್ಮ ಹಿತ್ತಲಿಗೆ ಒಂದು ಮುಂಜಾನೆ ಬಂದಿದ್ದರೆ ಹೆಸರನ್ನು ಬದಲಿಸುತ್ತಿದ್ದನೋ ಏನೋ! ರಾತ್ರಿಯೇ ಮರದ ಕೆಳಗೆ ಹಳೆಯ ಪಂಚೆಯೊಂದನ್ನು ಹಾಸಿರುತ್ತಿದ್ದರು. ಬೆಳಗ್ಗೆ ಅದರ ನಾಲ್ಕು ಮೂಲೆಗಳನ್ನು ನಾಲ್ವರು ಮಕ್ಕಳು ಹಿಡಿದೆತ್ತಿದರೆ, ಬಿಳಿಯ ಎಸಳು, ಕೇಸರಿಯ ತೊಟ್ಟು ಒಂದರೊಳಗೊಂದು ಬೆರೆತು ಪಂಚೆಯ ನಡುವೆ ರಾಶಿಯಾಗುತ್ತಿದ್ದುವು. ತಣ್ಣನೆಯ ಆ ರಾಶಿಯಲ್ಲಿ ಮುಖವಿಟ್ಟು ಬೈಸಿಕೊಳ್ಳದಿದ್ದ ಮಗು ನಮ್ಮ ಮನೆಯಲ್ಲಿ ಇರಲಿಲ್ಲ.

ಹೂ ಕಟ್ಟುವ ಹೊತ್ತು ಮಧ್ಯಾಹ್ನ. ಮಲ್ಲಿಗೆಯನ್ನು ಅರಳಿದ ಮೇಲೆ ಬಿಡಿಸಿದರೆ ಮುಡಿಗೇರುವ ವೇಳೆಗೆ ಬಾಡುತ್ತದೆ. ಆದ್ದರಿಂದ ಬೆಳ್ಳಗೆ ಬಲಿತು ಇನ್ನೂ ಬಿರಿಯದ ಮೊಗ್ಗುಗಳನ್ನೇ ಬಿಡಿಸಿ ಒದ್ದೆಬಟ್ಟೆಯಲ್ಲಿಟ್ಟಿರುತ್ತಿದ್ದರು. ಗಂಡಸರ ಊಟ, ಹೆಂಗಸರ ಊಟ, ಗೋಮಯ ಎಲ್ಲ ಮುಗಿದು ಮನೆ ಒಂದು ಗಳಿಗೆ ಸುಮ್ಮನಾದಾಗ ಅತ್ತೆ ನಡುಮನೆಯ ಕಂಬಕ್ಕೊರಗಿ ಕೂರುತ್ತಿದ್ದರು. ಪಕ್ಕದಲ್ಲಿ ನೀರಿನಲ್ಲಿ ನೆನೆದು ಮೆತ್ತಗಾದ ಬಾಳೆನಾರು. ಎರಡು ಮೊಗ್ಗು ಎಡಕ್ಕೆ, ಎರಡು ಬಲಕ್ಕೆ, ತೊಟ್ಟಿಗೆ ತೊಟ್ಟು ಕೂಡಿಸಿ ನಾರಿನ ಒಂದು ಸುತ್ತು, ಒಂದು ಕುಣಿಕೆ, ಮೆಲ್ಲನೆ ಒಂದು ಎಳೆತ. ಬಿಗಿ ಹೆಚ್ಚಾದರೆ ತೊಟ್ಟು ತುಂಡಾದೀತು. ಕಡಿಮೆಯಾದರೆ ಮೊಗ್ಗು ಜಾರೀತು. ಇದರ ನಡುವಣ ಹದವನ್ನು ಮಾತಿನಿಂದ ಕಲಿಸಲಾಗುವುದಿಲ್ಲ. ನಮ್ಮ ಅಕ್ಕನಿಗೆ ಕೈಹಿಡಿದು ಕಲಿಸಿದರು. ನನಗೆ ಕಲಿಸುವ ಪ್ರಯತ್ನವನ್ನು ಎರಡೇ ದಿನಕ್ಕೆ ಕೈಬಿಟ್ಟು, ಮೊಗ್ಗುಗಳನ್ನು ನಾಲ್ಕು ನಾಲ್ಕಾಗಿ ಜೋಡಿಸಿಕೊಡುವ ಕೆಲಸಕ್ಕೆ ನೇಮಿಸಿದರು. ಆ ಸೇವೆಗೆ ಕುರುಕಲು ಅವಲಕ್ಕಿಯ ಸಂಬಳವಿತ್ತು.

ಊರ ವರ್ತಮಾನ, ಹರಿಕಥೆಯಲ್ಲಿ ಕೇಳಿದ ಪ್ರಸಂಗ, ಯಾರದೋ ಮನೆಯ ಹಪ್ಪಳದ ರುಚಿ, ಇವೆಲ್ಲ ಆ ಹೊತ್ತಿನಲ್ಲಿ ಮಾಲೆಯೊಡನೆ ಹೆಣೆದುಕೊಂಡು ಬರುತ್ತಿದ್ದುವು. ಒಳಗಿನಿಂದ ಕಾಫಿಬೀಜ ಹುರಿಯುವ ವಾಸನೆ ಬಂದು ಮಲ್ಲಿಗೆಯ ಕಂಪಿನೊಡನೆ ಕಲೆಯುತ್ತಿತ್ತು. ಈಗಲೂ ಎಲ್ಲಿಯಾದರೂ ಈ ಎರಡು ವಾಸನೆಗಳು ಒಟ್ಟಿಗೆ ಸುಳಿದರೆ ಇನ್ನೇನು ನಾಲ್ಕು ಗಂಟೆಯಾಗುತ್ತದೆ, ತಂದೆಯವರು ಕಚೇರಿಯಿಂದ ಬರುತ್ತಾರೆ ಎಂದು ಮನಸ್ಸು ಸಜ್ಜಾಗುತ್ತದೆ. ಸುಖವೆಂದರೆ ಹೀಗೆ ಯಾರೋ ಬರಲಿದ್ದಾರೆಂಬ ನಂಬಿಕೆಯೇ ಇರಬಹುದೆಂದು ನನಗೆ ಅನೇಕ ಬಾರಿ ತೋರಿದೆ.

ಮಾಲೆ ಮುಗಿದ ಮೇಲೆ ಹಂಚಿಕೆ. ಅತ್ತೆ ಮೊಣಕೈ ಚಾಚಿ ಅಳೆಯುತ್ತಿದ್ದರು. ಮೊದಲ ಮೊಳ ದೇವರಿಗೆ. ಎರಡನೆಯದು ನಮ್ಮ ತಾಯಿಗೆ. ಒಂದು ಮೊಳವನ್ನು ಅರ್ಧ ಮಾಡಿ ಅಕ್ಕಂದಿರಿಬ್ಬರಿಗೆ. ಬಳಿಕ ಎದುರುಮನೆಯ ಬಾಣಂತಿಗೆ, ಪಾತ್ರೆ ತೊಳೆಯುವ ಹೆಂಗಸಿಗೆ, ಅವಳ ಮಗಳಿಗೆ. ಗಂಡುಹುಡುಗನಾದ ನನಗೂ ಅಂಗೈಯಲ್ಲಿ ಎರಡು ಬಿಡಿಹೂವು. ಈ ಹಂಚಿಕೆಯಲ್ಲಿ ಬಿಟ್ಟುಹೋದವರು ಯಾರೂ ಇರುತ್ತಿರಲಿಲ್ಲ, ಒಬ್ಬರ ಹೊರತು. ಗಿಡ ನೆಟ್ಟವರು, ನೀರೆರೆದವರು, ಮೊಗ್ಗು ಬಿಡಿಸಿದವರು, ಕಟ್ಟಿದವರು, ಅಳೆದವರು. ಅವರ ಪಾಲಿಗೆ ಉಳಿಯುತ್ತಿದ್ದದ್ದು ಬೆರಳಿಗೆ ಅಂಟಿದ ಕಂಪು.

ಮೈಸೂರು ಸಂಸ್ಥಾನದಲ್ಲಿ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸುವ ಕಟ್ಟಳೆ 1894ರಲ್ಲಿಯೇ ಜಾರಿಗೆ ಬಂದಿತ್ತು. ನಮ್ಮ ಅತ್ತೆಯ ಮದುವೆ ಹನ್ನೊಂದನೆಯ ವರ್ಷದಲ್ಲಿ ನಡೆದದ್ದರಿಂದ ಕಟ್ಟಳೆಗೆ ಯಾವ ಭಂಗವೂ ಬರಲಿಲ್ಲ. ಹದಿನಾಲ್ಕನೆಯ ವರ್ಷದಲ್ಲಿ ಅವರು ವಿಧವೆಯಾಗಿ ತೌರಿಗೆ ಹಿಂದಿರುಗಿದರು. ಅಜ್ಜ ಧೈರ್ಯವಂತರು, ಬಂಧುಗಳೆಲ್ಲರ ಮಾತನ್ನು ಮೀರಿ ಮಗಳ ತಲೆಗೂದಲನ್ನು ಉಳಿಸಿದರು. ಹೂವನ್ನು ಉಳಿಸುವಷ್ಟು ಧೈರ್ಯ ಅವರಿಗೂ ಸಾಲದೆ ಹೋಯಿತು. ಆ ವರ್ಷವೇ ಅತ್ತೆ ಹಿತ್ತಲಿನಲ್ಲಿ ಮೊದಲ ಮಲ್ಲಿಗೆಯ ಕಡ್ಡಿಯನ್ನು ಊರಿದರಂತೆ. ಏತಕ್ಕೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅವರು ಮ್ಲಾನವದನರಾಗಿ ಕುಳಿತದ್ದನ್ನು ನಾನು ಕಂಡವನಲ್ಲ. ನಗುವಿನಲ್ಲಿ, ಗಾದೆಯಲ್ಲಿ, ಗದರಿಕೆಯಲ್ಲಿ ಮನೆಯವರೆಲ್ಲರಿಗಿಂತ ಅವರೇ ಒಂದು ಕೈ ಮೇಲು. ಅಕ್ಕನಿಗೆ ಒಂದು ಬೇಸಗೆಯಲ್ಲಿ ಮೊಗ್ಗಿನ ಜಡೆ ಹಾಕಿದಾಗ ಬಾಳೆಪಟ್ಟೆಯ ಮೇಲೆ ಸಾಲುಸಾಲಾಗಿ ಮೊಗ್ಗು ಹೊಲಿದು, ನಡುವೆ ಕನಕಾಂಬರದ ಗೆರೆಯೆಳೆದು, ಬೆಳಗಿನಿಂದ ಮಧ್ಯಾಹ್ನದವರೆಗೆ ದುಡಿದವರು ಅವರೇ. ಸ್ಟುಡಿಯೋದಲ್ಲಿ ತೆಗೆಸಿದ ಆ ಪಟ ಈಗಲೂ ನಮ್ಮಲ್ಲಿದೆ. ಅಕ್ಕ ಕನ್ನಡಿಗೆ ಬೆನ್ನು ಮಾಡಿ ನಿಂತಿದ್ದಾಳೆ. ಕನ್ನಡಿಯಲ್ಲಿ ಜಡೆ ಕಾಣುತ್ತದೆ. ಜಡೆ ಹೆಣೆದವರು ಮನೆಯಲ್ಲೇ ಉಳಿದಿದ್ದರು. ಶುಭಕಾರ್ಯಕ್ಕೆ ಹೊರಟವರ ಎದುರಿಗೆ ಬರಬಾರದೆಂದು ತಾವಾಗಿಯೇ ಅಡಿಗೆಮನೆಯ ಕದವನ್ನು ಮುಂದಕ್ಕೆಳೆದುಕೊಂಡಿದ್ದರು.

ನಂಜನಗೂಡಿನ ತಿರುಮಲಾಂಬಾ ಅವರು ಬಾಲ್ಯದಲ್ಲಿಯೇ ಇದೇ ಗತಿಗೆ ಒಳಗಾಗಿ, ಲೇಖನಿ ಹಿಡಿದು, ಗ್ರಂಥಗಳನ್ನು ಬರೆದು ಪ್ರಕಟಿಸಿ ಕನ್ನಡನಾಡಿಗೆ ದಾರಿ ತೋರಿದವರು. ಲೇಖನಿ ದೊರೆಯದ ಸಹಸ್ರಾರು ಮಂದಿ ಏನು ಮಾಡಿದರೆಂಬುದು ಸಾಹಿತ್ಯಚರಿತ್ರೆಯಲ್ಲಿ ಬರುವುದಿಲ್ಲ. ಅವರು ಪರರ ಮಕ್ಕಳನ್ನು ಮೀಯಿಸಿದರು, ಹಪ್ಪಳ ಒತ್ತಿದರು, ಬತ್ತಿ ಹೊಸೆದರು, ಹೂ ಕಟ್ಟಿದರು. ಮೈಸೂರಿನ ಮಲ್ಲಿಗೆಗೆ ಈಗ ಉಡುಪಿ, ಹಡಗಲಿಯ ಮಲ್ಲಿಗೆಗಳಂತೆಯೇ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. 1942ರಲ್ಲಿ ಆ ಹೆಸರನ್ನೇ ಹೊತ್ತು ಬಂದ ಕೆ. ಎಸ್. ನರಸಿಂಹಸ್ವಾಮಿಯವರ ಕವನಸಂಕಲನ ಕನ್ನಡಿಗರ ದಾಂಪತ್ಯಕ್ಕೇ ಪರಿಮಳ ಹಚ್ಚಿತು. ಆ ಪರಿಮಳ ನಮ್ಮ ಮನೆಗೂ ಬಂದಿತ್ತು. ಅದನ್ನು ಕಟ್ಟಿಕೊಟ್ಟವರು ಮಾತ್ರ ಅದರ ಹೊಸ್ತಿಲಾಚೆ ನಿಂತಿದ್ದರು.

1987ರ ವೈಶಾಖದಲ್ಲಿ ನಮ್ಮ ತಂದೆ ತೀರಿಕೊಂಡರು. ಹತ್ತನೆಯ ದಿನ ಸಂಪ್ರದಾಯ ಬಲ್ಲ ಹಿರಿಯ ಹೆಂಗಸರು ನಡುಮನೆಯಲ್ಲಿ ಸೇರಿದರು. ಕಡೆಯ ಬಾರಿಗೆ ಮುಡಿಸಿ, ಮತ್ತೆಂದೂ ಮುಡಿಯದಂತೆ ತೆಗೆಯುವ ಶಾಸ್ತ್ರಕ್ಕೆಂದು ತಟ್ಟೆಯಲ್ಲಿ ಹೂವಿತ್ತು. ಆಗ ಎಪ್ಪತ್ತು ದಾಟಿದ್ದ ಅತ್ತೆ ಒಳಗಿನಿಂದ ಬಂದು ತಮ್ಮ ಎಂದಿನ ಕಂಬದ ಬಳಿ ನಿಂತರು. ಅವರ ದನಿ ಎತ್ತರವಾಗಿರಲಿಲ್ಲ.

‘ಹೂವು ಅವನು ಕೊಟ್ಟದ್ದಲ್ಲ. ಅವಳು ಹುಟ್ಟಿದಾಗಿನಿಂದ ಅವಳ ಜೊತೆ ಬಂದದ್ದು. ಅವನ ಸಂಗಡ ಅದನ್ನು ಯಾಕೆ ಕಳಿಸುತ್ತೀರಿ?’

ಒಬ್ಬರು ಶಾಸ್ತ್ರವೆಂದರು. ಮತ್ತೊಬ್ಬರು ಲೋಕವೆಂದರು. ‘ಈ ಶಾಸ್ತ್ರವನ್ನು ನಾನು ಐವತ್ತೆಂಟು ವರ್ಷ ಮಾಡಿದ್ದೇನೆ. ಇದರಿಂದ ಯಾರಿಗೇನು ಸಿಕ್ಕಿತೆಂದು ನನ್ನನ್ನು ಕೇಳಿ’ ಎಂದರು ಅತ್ತೆ. ಕೇಳುವವರು ಯಾರೂ ಇರಲಿಲ್ಲ. ತಟ್ಟೆ ಹಾಗೆಯೇ ಒಳಕ್ಕೆ ಹೋಯಿತು.

ಹದಿಮೂರನೆಯ ದಿನವೂ ಕಳೆದು ಬಂಧುಗಳು ಹೊರಟ ಸಂಜೆ, ಅತ್ತೆ ಬಹಳ ದಿನಗಳ ಮೇಲೆ ಮೊಗ್ಗು ಬಿಡಿಸಿ ಮಾಲೆ ಕಟ್ಟಿದರು. ದೇವರಿಗೆ ಒಂದು ಮೊಳ ಅಳೆದು, ಎರಡನೆಯದನ್ನು ನಮ್ಮ ತಾಯಿಯ ಮುಂದಿಟ್ಟರು. ತಾಯಿ ಬಹಳ ಹೊತ್ತು ಸುಮ್ಮನೆ ನೋಡುತ್ತಿದ್ದು, ಆ ಮೊಳವನ್ನು ಎರಡು ಮಾಡಿ, ‘ಅತ್ತಿಗೆ, ನೀವು?’ ಎಂದು ಒಂದು ತುಂಡನ್ನು ಮುಂದೆ ಹಿಡಿದರು. ಅತ್ತೆ ಬೇಡವೆನ್ನಲಿಲ್ಲ, ಮುಡಿಯಲೂ ಇಲ್ಲ. ಆ ರಾತ್ರಿ ಅದು ಅವರ ತಲೆದಿಂಬಿನ ಪಕ್ಕದಲ್ಲಿತ್ತು. ಮರುದಿನವೂ, ಹೂವಿದ್ದ ಎಲ್ಲ ದಿನವೂ. ಅಷ್ಟೇ ದೂರ ಬರುವುದಕ್ಕೆ ಅವರಿಗೆ ಸಾಧ್ಯವಾದದ್ದು. ತಾಯಿ ಮೊದಲು ಮನೆಯೊಳಗೆ, ವರ್ಷ ಕಳೆದ ಮೇಲೆ ದೇವಸ್ಥಾನಕ್ಕೂ ಹೂ ಮುಡಿದೇ ಹೋದರು. ಬೀದಿಯಲ್ಲಿ ಒಂದೆರಡು ತಿಂಗಳು ಮಾತು ಹುಟ್ಟಿತು. ಆಮೇಲೆ ಬೀದಿಗೆ ಬೇರೆ ಮಾತು ದೊರೆಯಿತು.

2022ರ ಮೇ ತಿಂಗಳಲ್ಲಿ, ನಮ್ಮ ಗಡಿಗೆ ಹತ್ತಿರದ ಕೊಲ್ಹಾಪುರ ಜಿಲ್ಲೆಯ ಹೆರವಾಡ ಗ್ರಾಮ ಪಂಚಾಯಿತಿ, ಗಂಡ ಸತ್ತಾಗ ಹೆಂಗಸಿನ ಬಳೆ, ಕುಂಕುಮ, ತಾಳಿಗಳನ್ನು ತೆಗೆಸುವ ಪದ್ಧತಿ ತನ್ನ ಊರಿನಲ್ಲಿ ಕೂಡದೆಂದು ಠರಾವು ಮಾಡಿತು. ಪತ್ರಿಕೆಯಲ್ಲಿ ಅದನ್ನೋದಿದಾಗ ನನಗೆ ಕಂಬದ ಬಳಿಯ ಆ ಮೆಲುದನಿ ನೆನಪಾಯಿತು. ಠರಾವಿಗೆ ಮೊದಲು ಅನೇಕ ನಡುಮನೆಗಳಲ್ಲಿ ಹೀಗೆ ಒಂದೊಂದು ತಟ್ಟೆ ಒಳಕ್ಕೆ ಹೋಗಿರಬೇಕು.

ಹಳೆಯ ಮನೆ ಈಗಿಲ್ಲ. ನಮ್ಮದು ಎರಡನೆಯ ಅಂತಸ್ತು. ಹಿತ್ತಲೆಂದರೆ ಆರು ಕುಂಡಗಳು. ಅತ್ತೆಯ ಬಳ್ಳಿಯಿಂದ ತಂದ ಕಡ್ಡಿ ಅವುಗಳಲ್ಲೊಂದರಲ್ಲಿ ಚಿಗುರಿದೆ. ಬೇಸಗೆಯಲ್ಲಿ ದಿನಕ್ಕೆ ಒಂದು ಮೊಳಕ್ಕೆ ಸಾಲುವಷ್ಟು ಮೊಗ್ಗು, ಕೆಲವು ದಿನ ಗೇಣಿಗೆ. ಮನೆಯಾಕೆ ಕಟ್ಟುತ್ತಾಳೆ, ನಾನು ನಾಲ್ಕು ನಾಲ್ಕಾಗಿ ಜೋಡಿಸಿಕೊಡುತ್ತೇನೆ. ಹಳೆಯದನ್ನು ನೆನೆದು ಸುಖಪಡುವುದು ವೃದ್ಧರ ಹವ್ಯಾಸವೆಂದು ತರುಣರು ನಗಬಹುದು. ಆದರೆ ನೆನಪೂ ಮಲ್ಲಿಗೆಯಂತೆಯೇ. ಹಳೆಯ ಕಡ್ಡಿಯನ್ನು ಸವರದಿದ್ದರೆ ಅದು ಬರಿಯ ಎಲೆ ಕೊಡುತ್ತದೆ. ನಮ್ಮ ಹಿತ್ತಲಿನ ಸೊಗಸನ್ನೆಲ್ಲ ಉಳಿಸಿಕೊಳ್ಳಬೇಕು, ಕದ ಮುಂದಕ್ಕೆಳೆದುಕೊಂಡ ಆ ಮಧ್ಯಾಹ್ನವನ್ನು ಕತ್ತರಿಸಿ ಹಾಕಬೇಕು.

ಗೌರಿಹಬ್ಬದಂದು ನಮ್ಮ ಮನೆಗೆ ಬರುವ ಹೆಂಗಸರಿಗೆಲ್ಲ ಬಾಗಿಲಲ್ಲೇ ಹೂವು ಕೊಡುತ್ತೇವೆ. ಯಾರು ಮುತ್ತೈದೆ, ಯಾರು ಅಲ್ಲ ಎಂದು ಕೇಳುವ ಪದ್ಧತಿಯಿಲ್ಲ. ಕೆಲವರು ಕಣ್ಣೆತ್ತಿ ನೋಡುತ್ತಾರೆ; ಕೆಲವರು ಅರೆಗಳಿಗೆ ತಡೆದು ಕೈಚಾಚುತ್ತಾರೆ. ಆ ಅರೆಗಳಿಗೆಯ ಸಲುವಾಗಿ ಮನೆಯಾಕೆ ಮೊಳವನ್ನು ಕೊಂಚ ಧಾರಾಳವಾಗಿಯೇ ಅಳೆಯುತ್ತಾಳೆ.