ಮೈಸೂರಿಗೂ ಬಂದಿದ್ದರು ಕಿಂಗ್ ಅವರ ಮೇಷ್ಟ್ರು



ಹದಿನೈದನೇ ವಯಸ್ಸಿಗೆ ನೀವು ಕಾಲೇಜು ಸೇರುತ್ತೀರಾ? ಹದಿನಾರಾದರೂ ನಾನಿಲ್ಲಿ, ನೆದರ್‌ಲ್ಯಾಂಡ್ಸ್‌ನಲ್ಲಿ, ಇನ್ನೂ ಶಾಲೆಯಲ್ಲೇ ಇದ್ದೇನೆ. ಮಾರ್ಟಿನ್ ಲೂಥರ್ ಕಿಂಗ್ 1944ರಲ್ಲಿ ಅಟ್ಲಾಂಟಾದ ಮೋರ್‌ಹೌಸ್ ಕಾಲೇಜು ಸೇರಿದಾಗ ಅವರಿಗೆ ಹದಿನೈದೇ ವರ್ಷ!

ಅಮೆರಿಕದಲ್ಲಿ 1865ರಲ್ಲಿ ಗುಲಾಮಗಿರಿ ಕೊನೆಗೊಂಡಿತು. ಆದರೂ ದಕ್ಷಿಣದ ಬಿಳಿಯರ ಕಾಲೇಜುಗಳು ಕಪ್ಪು ಜನರನ್ನು ಸೇರಿಸಿಕೊಳ್ಳಲಿಲ್ಲ. ಹಾಗಾಗಿ ಅವರಿಗಾಗಿಯೇ ಕಾಲೇಜುಗಳು ಹುಟ್ಟಿದವು. 1867ರಲ್ಲಿ ಮೋರ್‌ಹೌಸ್ ಶುರುವಾದದ್ದು ಒಂದು ಚರ್ಚಿನ ನೆಲಮಾಳಿಗೆಯಲ್ಲಿ. ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯವೂ ಅದೇ ವರ್ಷದ್ದು.

ಕಿಂಗ್ ಓದುವಾಗ ಮೋರ್‌ಹೌಸ್ ಮುಖ್ಯಸ್ಥರಾಗಿದ್ದವರು ಬೆಂಜಮಿನ್ ಮೇಸ್. ಮಂಗಳವಾರ ಬೆಳಿಗ್ಗೆ ಅವರು ವಿದ್ಯಾರ್ಥಿಗಳಿಗೆ ಭಾಷಣ ಮಾಡುತ್ತಿದ್ದರು. ಮುಗಿದ ಮೇಲೆ ಕಿಂಗ್ ಅವರ ಹಿಂದೆಯೇ ಹೋಗಿ ಚರ್ಚೆಗೆ ನಿಲ್ಲುತ್ತಿದ್ದರಂತೆ.

ಈ ಮೇಸ್ ನಮ್ಮ ಮೈಸೂರಿಗೂ ಬಂದಿದ್ದರು! ಹೋವರ್ಡ್‌ನಲ್ಲಿ ಕೆಲಸದಲ್ಲಿದ್ದಾಗ, 1937ರ ಜನವರಿಯಲ್ಲಿ, ವೈಎಂಸಿಎ ವಿಶ್ವ ಸಮ್ಮೇಳನಕ್ಕೆ. ಆಗ 'ಅಸ್ಪೃಶ್ಯ' ಮಕ್ಕಳ ಶಾಲೆಯೊಂದು ಅವರನ್ನು ಕರೆಯಿತು. ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕದ ಅಸ್ಪೃಶ್ಯ ಎಂದೇ ಪರಿಚಯಿಸಿದರು. ಮೇಸ್‌ಗೆ ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿ, ಆ ಮಾತು ನಿಜ ಎಂದು ಒಪ್ಪಿಕೊಂಡರು.

ಇಲ್ಲಿ ಯಾರಾದರೂ ನಮ್ಮ ಬಣ್ಣ ಆಡಿಕೊಂಡರೆ ನಮಗೆ ನೋವಾಗುತ್ತದೆ, ಅಲ್ಲವೇ? ಆದರೆ ಆ ಶಾಲೆಯ ಮಕ್ಕಳ ಬಗ್ಗೆ ನಾನು ಮನೆಯಲ್ಲಿ ಯಾವತ್ತೂ ಕೇಳಿರಲಿಲ್ಲ. ಕಳೆದ ವಾರ ಅಜ್ಜಿಗೆ ಫೋನ್ ಮಾಡಿ, "ನಿಮ್ಮೂರಲ್ಲಿ ಎಲ್ಲರೂ ಒಂದೇ ಬಾವಿ ನೀರು ಸೇದುತ್ತಿದ್ದರಾ?" ಎಂದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲ ಪುಟ್ಟ" ಎಂದರು. ಆಮೇಲೆ ಒಂದು ಗಂಟೆ ಮಾತಾಡಿದೆವು.

ನೀವೂ ನಿಮ್ಮ ಅಜ್ಜಿಯನ್ನು ಕೇಳಿ ನೋಡಿ.